ಕೊನೆಯ ಅಕ್ಷರದ ಮೇಲೆ ಬ್ಯಾಳಿ

ವಾಡಿಯ ಸಿಮೆಂಟು ಕಾರ್ಖಾನೆಗೆ ಹೊಸ ಭಟ್ಟಿ ಕೂರಿಸಲು
ಚೀನಾದಿಂದ ಬಂದಿದ್ದವನು ಎಂಟು ತಿಂಗಳು
ನಮ್ಮ ಜಗದೇವಿಯ ಖಾನಾವಳಿಯಲ್ಲೇ ಉಂಡ.
ಖಡಕ್ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದ,
ಮೊದಲು ಸದ್ದು, ಆಮೇಲೆ ಬಾಯಿಗೆ.
ಹೋಗುವ ದಿನ ತೂಕದ ಚೀಟಿಯೊಂದನ್ನು ಬೋರಲು ಹಾಕಿ
ಅದರ ಬೆನ್ನ ಮೇಲೆ ನಾಲ್ಕು ಸಾಲು ಬರೆದು ನನ್ನ ಕೈಗಿಟ್ಟ.
ಅವರ ಗುಡ್ಡದ ತಾವೋ ಸಾಧುವೊಬ್ಬನದಂತೆ.
ತಾವೋ ಅಂದರೆ ದಾರಿ, ಯಾವ ಊರಿಗೂ ಹೋಗದ ದಾರಿ,
ಅಂದ ದುಭಾಷಿ ಹುಡುಗ.
ಜೀಪಿನ ಮೆಟ್ಟಿಲ ಮೇಲೊಂದು ಕಾಲಿಟ್ಟು
ಅವನು ಅವಸರದ ಹಿಂದಿಯಲ್ಲಿ ಹೇಳಿದ್ದನ್ನು
ನಾನು ಕನ್ನಡದಲ್ಲಿ ಹೀಗೆ ಇಳಿಸಿಕೊಂಡೆ:

        ಮೋಡ ಸಹಿ ಮಾಡದೆ ಗುಡ್ಡ ದಾಟಿತು.
        ಹಳ್ಳ ಯಾರ ಹೆಸರೂ ಕೇಳಲಿಲ್ಲ.
        ಕೊಡ ಮರೆತು ನೀರಿಗೆ ಬಂದ ಮುದುಕ
        ತುಂಬಿಕೊಂಡು ಹೋದ.

‘ತುಂಬಿಕೊಂಡು’ ಎಂಬುದೂ ಪಕ್ಕಾ ಅಲ್ಲ.
ಕೊನೆಯ ಅಕ್ಷರದ ಮೇಲೆ ಬ್ಯಾಳಿ ಬಿದ್ದಿತ್ತು.
‘ನಕ್ಕು’ ಇದ್ದರೂ ಇರಬಹುದು ಎಂದ ಹುಡುಗ,
ಜೀಪು ಹೊರಟಿತು.

ಅಂದಿನಿಂದ ಈ ಮುದುಕ ನನ್ನ ಬೆನ್ನು ಬಿಟ್ಟಿಲ್ಲ.
ಏನನ್ನು ತುಂಬಿಕೊಂಡ? ಯಾತರಲ್ಲಿ?
ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ
ಕೊಡ ಮರೆತು ಟ್ಯಾಂಕರಿನ ಮುಂದೆ ನಿಂತವನಿಗೆ
ಬೈಗುಳ ಬಿಟ್ಟು ಬೇರೇನೂ ತುಂಬುವುದಿಲ್ಲ.

ಜಗದೇವಿ ಹಂಚಿನ ಮುಂದಿಂದ ಏಳದೆಯೇ ಅಂದಳು:
“ಹೊಟ್ಟಿ ತುಂಬ ಕುಡದಾನ, ಹೋಗ್ಯಾನ.
ಅದರಾಗ ಮತ್ಲಬ್ ಏನದ?”
ರೇವಣಸಿದ್ದಪ್ಪ ಮಾಸ್ತರರು ಕನ್ನಡಕ ಒರೆಸಿಕೊಂಡು
ಕೊಡವೆಂದರೆ ದೇಹ, ನೀರೆಂದರೆ ಅರಿವು ಎಂದು ಶುರುಮಾಡಿ
ಸೊಲ್ಲಾಪುರದ ಪ್ಯಾಸೆಂಜರ್ ಬರುವವರೆಗೂ ಬಿಡಲಿಲ್ಲ.
ಅವರು ಮುಗಿಸುವ ಹೊತ್ತಿಗೆ ಮುದುಕನಿಗೆ ಮೈಯೇ ಉಳಿದಿರಲಿಲ್ಲ,
ಹಳ್ಳವೂ ಬತ್ತಿತ್ತು.
ಫರಶಿ ಸೀಳುವ ಮಶಾಕ್ ಸಾಬ್ ಬಹಳ ಹೊತ್ತು ಸುಮ್ಮನಿದ್ದು,
ಬೀಡಿ ಆರಿದ್ದೂ ಗೊತ್ತಾಗದೆ, ಕೇಳಿದ:
“ಕೊಡ ಮರತನೋ, ಬೇಕಂತ ಮನ್ಯಾಗ ಬಿಟ್ಟು ಬಂದನೋ?
ಅಷ್ಟು ಹೇಳ್ರಿ ಮೊದಲ.”
ಅದು ಚೀಟಿಯಲ್ಲಿ ಇರಲಿಲ್ಲ.

ನಾನು ಕಾಟಾದ ಗುಮಾಸ್ತ.
ಇಪ್ಪತ್ತೆರಡು ವರ್ಷದಿಂದ ಲಾರಿ ತೂಗುತ್ತೇನೆ,
ಬರುವಾಗ ಖಾಲಿ, ಹೋಗುವಾಗ ಸುಣ್ಣಗಲ್ಲು.
ಖಾಲಿಯ ತೂಕ ಮೊದಲು ಬರೆದುಕೊಳ್ಳದಿದ್ದರೆ
ತುಂಬಿದ್ದಕ್ಕೆ ಲೆಕ್ಕವೇ ಹತ್ತುವುದಿಲ್ಲ.
ಮಾಸ್ತರರಿಗೆ ಇದನ್ನು ಹೇಳಬೇಕೆಂದುಕೊಂಡೆ,
ಹೇಳಿದರೆ ಇದಕ್ಕೂ ಒಂದು ಅರ್ಥ ಹಚ್ಚಿಯಾರೆಂದು ಬಿಟ್ಟೆ.

ಮೊನ್ನೆ ರಾತ್ರಿ ಮಿರಗದ ಮೊದಲ ಮಳೆ.
ಕಾಗಿಣಾ ಹೊಳೆಯ ಕಡೆಯಿಂದ ಬಂದು, ತಗಡು ಬಡಿದು,
ಯಾರನ್ನೂ ಎಬ್ಬಿಸದಂತೆ ಹೋಗಿಬಿಟ್ಟಿತ್ತು.
ಬೆಳಗಿನ ಪಾಳಿಗೆ ಬಂದು ನೋಡಿದರೆ
ಕಾಟಾದ ಮೇಲೆ ಲಾರಿಯಿಲ್ಲ, ನರಪಿಳ್ಳೆಯಿಲ್ಲ,
ಪರದೆಯ ಮೇಲೆ ಮಾತ್ರ ಕೆಂಪಗೆ, ನಲವತ್ತು ಕಿಲೋ.
ಗಾಲಿ ಹಾದು ಹಾದು ಕಬ್ಬಿಣ ತಗ್ಗಾದಲ್ಲಿ
ನೀರು ನಿಂತಿತ್ತು, ಡೀಸೆಲ್ಲಿನ ಬಣ್ಣ ಹಚ್ಚಿಕೊಂಡು.
ಸೊನ್ನೆಯ ಗುಂಡಿ ಒತ್ತಬೇಕು. ನಿಯಮ ಅದು.
ಬೆರಳು ಹೋಯಿತು, ಅಲ್ಲೇ ನಿಂತಿತು.
ಆಮೇಲೆ ರಿಜಿಸ್ಟರು ತೆಗೆದು ಬರೆದೆ:
ಗಾಡಿ ನಂಬರ್ ಇಲ್ಲ.
ಮಾಲು, ಮಳೆ.
ತೂಕ, ನಲವತ್ತು.
ಸಹಿಯ ಕಾಲಂ ಹಾಗೇ ಬಿಟ್ಟೆ.

ಆ ಪದ್ಯದ ಅರ್ಥ ಇದೇ ಎಂದು ನಾನು ಹೇಳುತ್ತಿಲ್ಲ.
ಹೊರಗೆ ಯಲ್ಲಾಲಿಂಗನ ಲಾರಿ ಹಾರ್ನು ಹೊಡೆಯುತ್ತಿತ್ತು,
ಸೂಪರ್‌ವೈಸರು ಕಿಟಕಿಯಲ್ಲಿ ತಲೆ ತೂರಿಸಿ
“ಏನ್ರೀ ಭೀಮಶಾ, ಏನ್ ಬರೀಲತ್ತೀರಿ?” ಅಂದ.
ನನಗೆ ಯಾಕೋ ನಗು ಬಂತು.
ನೀರು ಬಿರುಕಿನಲ್ಲಿ ಇಳಿಯುತ್ತಿತ್ತು,
ಪರದೆ ಅಷ್ಟರಲ್ಲಿ ಮೂವತ್ತಕ್ಕೆ ಬಂದಿತ್ತು.